ಉಷ್ಣ ಮತ್ತು ತಾಪ

ಉಷ್ಣ, ತಾಪ ಎಂಬೆರಡು ಶಬ್ದಗಳನ್ನು ನಾವು ನಿತ್ಯವ್ಯವಹಾರದಲ್ಲಿ ಒಂದೇ ಅರ್ಥದಲ್ಲಿ ಬಳಸುವುದುಂಟು. ರಸಾಯನಶಾಸ್ತ್ರದಲ್ಲಿ ಇವು ಬೇರೆ ಬೇರೆ. ವಸ್ತುವಿನ ಕಣಗಳ ಸರಾಸರಿ ಚಲನಶಕ್ತಿಯನ್ನು ಸೂಚಿಸುವುದು ತಾಪ. ತಾಪದ ವ್ಯತ್ಯಾಸದಿಂದ ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹರಿಯುವ ಶಕ್ತಿಯೇ ಉಷ್ಣ.

ಇದನ್ನರಿಯಲು ದಾಸೋಹದ ಅಡುಗೆಮನೆಯೇ ಪ್ರಯೋಗಶಾಲೆ. ಕೊಪ್ಪರಿಗೆಯ ನೀರು ಕುದಿಯತೊಡಗಿದ ಮೇಲೆ ಎಷ್ಟು ಉರಿ ಹೆಚ್ಚಿಸಿದರೂ ತಾಪ ಸುಮಾರು 100 ಡಿಗ್ರಿ ಸೆಲ್ಸಿಯಸ್ ಮೀರದು. ಹಾಗಾದರೆ ಒಲೆ ಕೊಟ್ಟ ಉಷ್ಣ ಎಲ್ಲಿ ಹೋಯಿತು? ಶಕ್ತಿಗೆ ನಾಶವಿಲ್ಲ. ನೀರಿನ ಅಣುಗಳನ್ನು ಪರಸ್ಪರ ಆಕರ್ಷಣೆಯಿಂದ ಬಿಡಿಸಿ ಹಬೆಯಾಗಿಸಲು ಅದು ವಿನಿಯೋಗವಾಗುತ್ತದೆ. 1760ರ ದಶಕದಲ್ಲಿ ಗ್ಲಾಸ್ಗೋದಲ್ಲಿ ಪ್ರಾಧ್ಯಾಪಕರಾಗಿದ್ದ ಜೋಸೆಫ್ ಬ್ಲ್ಯಾಕ್ ಇದನ್ನು ಪ್ರಯೋಗಗಳಿಂದ ತೋರಿದರು. ಇದೇ ಗುಪ್ತೋಷ್ಣ. ಇಂದಿನ ಲೆಕ್ಕದಲ್ಲಿ ಗ್ರಾಮಿಗೆ ಸುಮಾರು 540 ಕ್ಯಾಲೊರಿ.

ಅಡಗಿದ ಈ ಉಷ್ಣ ಹೊರಬೀಳುವಾಗ ಎಚ್ಚರ ಬೇಕು. 100 ಡಿಗ್ರಿಯ ಒಂದು ಗ್ರಾಂ ನೀರು ಕೈಮೇಲೆ ಬಿದ್ದು 37 ಡಿಗ್ರಿಗೆ ತಣಿದರೆ ಕೊಡುವುದು 63 ಕ್ಯಾಲೊರಿ. ಅದೇ ತಾಪದ ಒಂದು ಗ್ರಾಂ ಹಬೆ ನೀರಾಗುವಾಗ 540, ಬಳಿಕ ತಣಿಯುವಾಗ 63, ಒಟ್ಟು 603 ಕ್ಯಾಲೊರಿ ಕೊಡುತ್ತದೆ. ತಾಪ ಒಂದೇ, ಉಷ್ಣ ಒಂಬತ್ತೂವರೆ ಪಟ್ಟು!

ಆದಕಾರಣ ಕುದಿ ಬಂದೊಡನೆ ಉರಿ ತಗ್ಗಿಸಿ ಮುಚ್ಚಳ ಹಾಕಬೇಕು. ದಾನಿಗಳಿತ್ತ ಇಂಧನ ಉಳಿಯುತ್ತದೆ. ಮುಚ್ಚಳವನ್ನು ತೆರೆಯುವಾಗ ಹಬೆ ನಮ್ಮಿಂದ ಆಚೆಗೆ ಹೋಗುವಂತೆ ಓರೆಮಾಡಬೇಕು, ಕೈ ಉಳಿಯುತ್ತದೆ. ವ್ಯಾಖ್ಯೆಯನ್ನು ಬಾಯಿಪಾಠ ಮಾಡಿಸುವ ಮೊದಲು ಉಪಾಧ್ಯಾಯರು ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಲಿ. ಆಗ ಎರಡು ಶಬ್ದಗಳ ಅಂತರ ಪರೀಕ್ಷೆಯಾಚೆಗೂ ಅವರ ನೆನಪಿನಲ್ಲಿ ನಿಲ್ಲುವುದು.