ಕಡ್ಡಿಯ ಲೆಕ್ಕ

ಸ್ಪೇನ್ ಮತ್ತು ಫ್ರಾನ್ಸ್ ದೇಶಗಳ ನಡುವೆ ಪಿರೆನೀಸ್ ಪರ್ವತಶ್ರೇಣಿಯು ಗೋಡೆಯಂತೆ ಹಬ್ಬಿದೆ. ಅದರ ಪಶ್ಚಿಮದ ಅಂಚು ಕಡಲನ್ನು ಸಮೀಪಿಸುವಲ್ಲಿ, ಎರಡೂ ದೇಶಗಳಲ್ಲಿ ಹಂಚಿಹೋಗಿರುವ ಪ್ರಾಚೀನ ಜನಾಂಗವೊಂದು ನೆಲಸಿದೆ. ಅವರೇ ಬಾಸ್ಕ್ ಜನರು. ಅವರ ನುಡಿಯ ಹೆಸರು ಎವುಸ್ಕಾರ. ಇಂದು ಬಳಕೆಯಲ್ಲಿರುವ ಬೇರಾವ ಭಾಷೆಯೊಡನೆಯೂ ಅದಕ್ಕೆ ಬಾಂಧವ್ಯವಿದೆಯೆಂದು ವಿದ್ವಾಂಸರಿಗೆ ಸಿದ್ಧಪಡಿಸಲಾಗಿಲ್ಲ.

ಈ ನಾಡಿನ ಸ್ಪೇನ್ ಭಾಗದ ಕಡಲತೀರದಲ್ಲಿ ಸಾನ್ ಸೆಬಾಸ್ಟಿಯನ್ ನಗರವಿದೆ. ಬಾಸ್ಕರು ಅದನ್ನು ದೊನೋಸ್ತಿಯಾ ಎನ್ನುತ್ತಾರೆ. ಸಂಜೆಯಾಗುತ್ತಲೇ ಅಲ್ಲಿಯ ಹಳೆಯ ಪೇಟೆಯ ಇಕ್ಕಟ್ಟಾದ ಬೀದಿಗಳು ಗೆಳೆಯರ ಗುಂಪುಗಳಿಂದ ತುಂಬುತ್ತವೆ. ಎಳೆಯ ವಯಸ್ಸಿನಲ್ಲಿ ಕೂಡಿದ ಇಂತಹ ಗುಂಪು ತಲೆ ನರೆತ ಮೇಲೂ ಚದುರದೆ ಉಳಿಯುವುದುಂಟು.

ಅಲ್ಲಿಯ ಉಪಾಹಾರಮಂದಿರಗಳು ತೀರ ಚಿಕ್ಕವು. ಕುಳಿತುಕೊಳ್ಳಲು ಸ್ಥಳ ಕಡಮೆ. ಹೆಚ್ಚಿನವರು ನಿಂತೇ ತಿನ್ನುತ್ತಾರೆ. ಎತ್ತರದ ಉದ್ದನೆಯ ಮೇಜಿನ ಮೇಲೆ ತಿಂಡಿಯ ತಟ್ಟೆಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ರೊಟ್ಟಿಯ ಚೂರಿನ ಮೇಲೆ ಮೀನು, ಮೊಟ್ಟೆ, ತರಕಾರಿ ಮೊದಲಾದವನ್ನಿಟ್ಟು, ಜಾರದಂತೆ ಸಣ್ಣ ಕಡ್ಡಿಯಿಂದ ಚುಚ್ಚಿರುತ್ತಾರೆ. ಇದೇ ಪಿಂಚೋ. ಚುಚ್ಚು ಎಂಬರ್ಥದ ಸ್ಪ್ಯಾನಿಷ್ ಮಾತಿನಿಂದ ಈ ಹೆಸರು ಬಂದಿದೆ. ಆಲಿವ್ ಕಾಯಿ, ಹುಳಿಯಲ್ಲಿ ನೆನೆಸಿದ ಹಸಿಮೆಣಸಿನಕಾಯಿ, ಉಪ್ಪುಹಾಕಿದ ಪುಟ್ಟ ಮೀನು, ಇವಿಷ್ಟನ್ನೇ ಕಡ್ಡಿಗೆ ಪೋಣಿಸಿದ ತಿನಿಸೂ ಒಂದಿದೆ. 1946ರ ಅಮೆರಿಕದ ಚಲನಚಿತ್ರವೊಂದರ ನಾಯಕಿ ‘ಗಿಲ್ಡಾ’ಳ ಹೆಸರನ್ನೇ ಜನ ಅದಕ್ಕೆ ಇಟ್ಟರು.

ಗೆಳೆಯರು ಒಂದೇ ಅಂಗಡಿಯಲ್ಲಿ ಹೊಟ್ಟೆ ತುಂಬಿಸಿಕೊಳ್ಳುವುದಿಲ್ಲ. ಒಂದೆಡೆ ಒಂದೆರಡು ತುತ್ತು ತಿಂದು, ಹರಟುತ್ತ ಮುಂದಿನ ಅಂಗಡಿಗೆ ನಡೆಯುತ್ತಾರೆ. ಮೊದಲೇ ಎಲ್ಲರೂ ಸಮನಾಗಿ ಹಣ ಕೂಡಿಸಿ ಒಬ್ಬನ ಕೈಗೆ ಕೊಟ್ಟಿರುವುದರಿಂದ ಯಾರು ಹೆಚ್ಚು ತಿಂದರೆಂಬ ಎಣಿಕೆ ಅವರಲ್ಲಿಲ್ಲ. ಅಂಗಡಿಯವನ ಎಣಿಕೆಯಾದರೋ ಇನ್ನೂ ಸರಳ. ತಿಂದವರು ತಟ್ಟೆಯಲ್ಲಿ ಉಳಿಸಿದ ಕಡ್ಡಿಗಳನ್ನು ಎಣಿಸಿ ಹಣ ಪಡೆಯುವ ವಾಡಿಕೆ ಹಲವೆಡೆ ಇದೆ. ಒಂದು ಕಡ್ಡಿಯನ್ನು ಜೇಬಿಗೆ ಸೇರಿಸುವುದು ಕಷ್ಟವಲ್ಲ. ಆದರೂ ಈ ಲೆಕ್ಕ ನಡೆದುಬಂದಿರುವುದು ಪರಸ್ಪರ ನಂಬಿಕೆಯಿಂದ.

ಇದೇ ನಂಬಿಕೆಯ ಮೇಲೆ ನಿಂತ ಮತ್ತೊಂದು ವ್ಯವಸ್ಥೆ ಅಲ್ಲಿಯ ಅಡುಗೆ ಸಂಘಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ನಗರದಲ್ಲಿ ಹುಟ್ಟಿದ ಇವನ್ನು ‘ಚೋಕೊ’, ಎಂದರೆ ಮೂಲೆ, ಎಂದೂ ಕರೆಯುತ್ತಾರೆ. ಸದಸ್ಯರು ತಾವೇ ಅಡುಗೆ ಮಾಡಿ ಗೆಳೆಯರಿಗೆ ಬಡಿಸುತ್ತಾರೆ. ಬಳಸಿದ ಸಾಮಗ್ರಿಯನ್ನು ತಾವೇ ಬರೆದಿಟ್ಟು ಹಣ ಸಲ್ಲಿಸುತ್ತಾರೆ. ಇವುಗಳಲ್ಲಿ ಕುಂದೂ ಇತ್ತು. ಬಹುಕಾಲ ಸ್ತ್ರೀಯರಿಗೆ ಸದಸ್ಯತ್ವವಿರಲಿಲ್ಲ. ಈಚಿನ ದಶಕಗಳಲ್ಲಿ ಅನೇಕ ಸಂಘಗಳು ಆ ಕಟ್ಟನ್ನು ಸಡಿಲಿಸಿವೆ.

ಈ ಊಟದ ಮನೆಗಳ ಬೆಲೆ ಕಷ್ಟಕಾಲದಲ್ಲಿ ತಿಳಿಯಿತು. 1939ರಿಂದ 1975ರವರೆಗೆ ಸ್ಪೇನನ್ನು ಆಳಿದ ಸರ್ವಾಧಿಕಾರಿ ಫ್ರಾಂಕೊ ಬಾಸ್ಕ್ ನುಡಿಯನ್ನು ಶಾಲೆಗಳಿಂದಲೂ ಸಾರ್ವಜನಿಕ ಜೀವನದಿಂದಲೂ ಹೊರದೂಡಿದನು. ಆಗ ಸಂಘದ ಮುಚ್ಚಿದ ಬಾಗಿಲಿನ ಹಿಂದೆ, ಅನ್ನದ ಮೇಜಿನ ಸುತ್ತ, ಜನ ತಮ್ಮ ನುಡಿಯಲ್ಲಿ ಮಾತನಾಡಿದರು, ಹಾಡಿದರು. 1979ರ ಸ್ವಾಯತ್ತತೆಯ ಶಾಸನದಿಂದ ಬಾಸ್ಕ್ ಪ್ರಾಂತದಲ್ಲಿ ಎವುಸ್ಕಾರಕ್ಕೆ ಸ್ಪ್ಯಾನಿಷ್ ಭಾಷೆಯೊಡನೆ ಆಡಳಿತ ಭಾಷೆಯ ಸ್ಥಾನ ದೊರೆಯಿತು.

ಶಾಸನವು ಭಾಷೆಗೆ ಸ್ಥಾನವನ್ನು ಕೊಡಬಲ್ಲದು. ಆದರೆ ಅದನ್ನು ಆಡುವ ನಾಲಗೆಗಳು ಅದಕ್ಕೆ ಮೊದಲೇ ಉಳಿದಿರಬೇಕು. ಒಡನೆ ಕುಳಿತು ಉಣ್ಣುವ ಗೆಳೆಯರು ಬಾಸ್ಕ್ ನಾಡಿನಲ್ಲಿ ಆ ಕೆಲಸಕ್ಕೂ ನೆರವಾದರು.

ಅಭ್ಯಾಸ
1. ಪಿಂಚೋ ಎಂಬ ಹೆಸರು ಹೇಗೆ ಬಂದಿತು?
2. ಕಡ್ಡಿಯ ಲೆಕ್ಕವು ನಂಬಿಕೆಯ ಮೇಲೆ ನಿಂತಿದೆ ಎಂಬುದನ್ನು ವಿವರಿಸಿರಿ.
3. ಭಾಷೆಯ ಉಳಿವಿಗೆ ಅಡುಗೆ ಸಂಘಗಳು ಹೇಗೆ ನೆರವಾದವು?