ಕೊಪ್ಪಳದ ಓದುಗರು, ಚೀನಾದ ಕಸುಬು

ಜಾನಪದ ಕಲೆ, ಕರಕುಶಲ ಕುರಿತ ಈ ಅಂಕಣಕ್ಕೆ ಈ ಸಲ ಕೊಪ್ಪಳ ಜಿಲ್ಲೆಯಿಂದ ಬಂದ ಪತ್ರಗಳಲ್ಲಿ ಚೀನಾದ ಮಾತೇ ಹೆಚ್ಚು. ಆಯ್ದ ಆರು ಪ್ರಶ್ನೆಗಳು ಮತ್ತು ಉತ್ತರಗಳು ಇಲ್ಲಿವೆ.

ಪ್ರಶ್ನೆ: ನಮ್ಮ ಅತ್ತೆಯವರ ಕಾಲದ ಎರಡು ಉಪ್ಪಿನಕಾಯಿ ಭರಣಿ ಮನೆಯಲ್ಲಿವೆ. ಮೇಲೆ ಕಂದು, ಕೆಳಗೆ ಹಾಲುಬಿಳುಪು. ಹಳೆ ಸಾಮಾನು ಕೊಳ್ಳುವವನೊಬ್ಬ, ‘ಇದು ಚೀನಾದ ಪಿಂಗಾಣಿ, ಒಳ್ಳೆ ರೇಟು ಕೊಡ್ತೀನಿ’ ಅಂತ ಬೆನ್ನು ಬಿದ್ದಿದ್ದಾನೆ. ನಿಜವಾ? — ಗೃಹಿಣಿ, ಗಂಗಾವತಿ

ಉತ್ತರ: ಅಲ್ಲ ತಾಯಿ. ಈ ಎರಡು ಬಣ್ಣದ ಭರಣಿ ನಮ್ಮ ದೇಶದ್ದೇ. ಗುಜರಾತಿನ ಥಾನ್‌ಗಢ, ಉತ್ತರ ಪ್ರದೇಶದ ಖುರ್ಜಾದಂಥ ಊರುಗಳ ಭಟ್ಟಿಗಳಿಂದ ಇಂಥವು ದೇಶದ ತುಂಬ ಹೋಗಿವೆ. ನೀವೇ ಪರೀಕ್ಷಿಸಬಹುದು. ಭರಣಿಯನ್ನು ಬೋರಲು ಹಾಕಿ ತಳದ ಅಂಚು ನೋಡಿ. ಅಲ್ಲಿ ಗಾಜಿನ ಲೇಪ ಇರುವುದಿಲ್ಲ, ಒಳಗಿನ ಮಣ್ಣು ಕಾಣುತ್ತದೆ. ಆ ಮಣ್ಣು ಬೂದು ಅಥವಾ ಕಂದು ಬಣ್ಣದಲ್ಲಿದ್ದು ಬೆರಳಿಗೆ ತರಿತರಿಯಾಗಿದ್ದರೆ ಅದು ಗಟ್ಟಿ ಬೇಯಿಸಿದ ಜಾಡಿ ಮಣ್ಣು. ಅಸಲಿ ಪಿಂಗಾಣಿಯ ಒಡಲು ಅಕ್ಕಿಹಿಟ್ಟಿನಷ್ಟು ಬೆಳ್ಳಗೆ, ನುಣ್ಣಗೆ ಇರುತ್ತದೆ. ತೆಳ್ಳಗಿನ ಬಟ್ಟಲಾದರೆ ಹಿಂದೆ ಟಾರ್ಚ್ ಹಿಡಿದಾಗ ಬೆಳಕು ಈಚೆ ತೂರಿ ಬರುತ್ತದೆ. ಚೀನಾದ ಜಿಂಗ್‌ಡೆಜೆನ್ ಊರಿನ ಕುಶಲಿಗಳು ಬಿಳಿ ಜೇಡಿಗೆ ಒಂದು ಬಗೆಯ ಕಲ್ಲಿನ ಪುಡಿ ಸೇರಿಸಿ, ಸುಮಾರು 1300 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟು ಈ ಗುಣ ಸಾಧಿಸಿದರು.

ಚೀನಾದ್ದಲ್ಲವೆಂದು ಭರಣಿಯನ್ನು ಮಾರಬೇಡಿ. ಅದರ ಲೇಪವೆಂದರೆ ಗಾಜು. ಉಪ್ಪು, ಹುಳಿ ಅದನ್ನು ತಿನ್ನಲಾರವು. ಒಳಗಡೆ ಲೇಪ ಬಿರುಕು ಬಿಡದಿದ್ದರೆ ಉಪ್ಪಿನಕಾಯಿಗೆ ಅದಕ್ಕಿಂತ ಒಳ್ಳೆಯ ಪಾತ್ರೆ ಸಿಗುವುದು ಕಷ್ಟ.

ಪ್ರಶ್ನೆ: ನಮ್ಮ ಹೊಲದಲ್ಲಿ ಗಳೆ ಹೊಡೆಯುವಾಗ ನೀಲಿ ಹೂವಿನ ಬಿಳಿ ಚೂರೊಂದು ಸಿಕ್ಕಿದೆ. ವಿಜಯನಗರದ ಕಾಲದಲ್ಲಿ ಚೀನಾದವರು ಇಲ್ಲಿಗೆ ಬಂದಿದ್ದರಾ? — ಬಿ.ಎ. ವಿದ್ಯಾರ್ಥಿ, ಆನೆಗೊಂದಿ

ಉತ್ತರ: ಚೀನಾದ ಸಾಮಾನು ಬಂದಿದ್ದಂತೂ ಖಚಿತ. ಹಂಪಿಯ ಉತ್ಖನನಗಳಲ್ಲಿ ಚೀನಾ ಪಿಂಗಾಣಿಯ ಚೂರುಗಳು ಸಿಕ್ಕಿವೆ. 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ರಾಯರು ಜೈತೂನಿನ ರೇಷ್ಮೆ ಅಂಗಿ ತೊಟ್ಟಿದ್ದರೆಂದು ಬರೆದಿದ್ದಾನೆ. ಜೈತೂನ್ ಎಂದರೆ ಚೀನಾದ ಕ್ವಾನ್‌ಝೌ ಬಂದರು. ಅದಕ್ಕೂ ಮೊದಲು, 1374ರಲ್ಲಿ, ಬುಕ್ಕರಾಯ ಚೀನಾದ ಮಿಂಗ್ ದೊರೆಯ ಬಳಿಗೆ ರಾಯಭಾರ ಕಳಿಸಿದ್ದನೆಂದು ಇತಿಹಾಸಕಾರರು ಹೇಳುತ್ತಾರೆ. ಸಾಮಾನು ಸಮುದ್ರದ ಮೇಲೆ ಮಲಬಾರಿನ ಮತ್ತು ನಮ್ಮ ಕರಾವಳಿಯ ಬಂದರುಗಳಿಗೆ ಇಳಿದು, ವ್ಯಾಪಾರಿಗಳ ಕೈಯಿಂದ ಕೈಗೆ ದಾಟಿ, ಘಟ್ಟ ಹತ್ತಿ ತುಂಗಭದ್ರೆಯ ದಂಡೆಗೆ ಬರುತ್ತಿತ್ತು. ಇಲ್ಲಿ ಪಿಂಗಾಣಿ ಸಿಕ್ಕಿತೆಂದ ಮಾತ್ರಕ್ಕೆ ಚೀನೀಯರೇ ಇಲ್ಲಿ ನೆಲೆಸಿದ್ದರು ಎನ್ನಲಾಗದು.

ಮನುಷ್ಯರ ಮಾತಿಗೆ ಬಂದರೆ, ಇನ್ನೂ ಹಳೆಯದೊಂದು ಚರ್ಚೆ ನಿಮ್ಮ ಊರಿನದೇ ಇದೆ. ಸುಮಾರು 640ರ ಹೊತ್ತಿಗೆ ದಕ್ಷಿಣ ಭಾರತ ಸುತ್ತಿದ ಚೀನಾದ ಬೌದ್ಧ ಭಿಕ್ಷು ಹ್ಯುಯೆನ್ ತ್ಸಾಂಗ್ ‘ಕೊಂಕಣಪುರ’ ಎಂಬ ನಾಡನ್ನು ವರ್ಣಿಸಿದ್ದಾನೆ. ರಾಜಧಾನಿಯ ಹತ್ತಿರ ತಾಳೆ ಮರಗಳ ದೊಡ್ಡ ತೋಪಿತ್ತು, ಅದರ ಗರಿಯನ್ನು ಬರೆಯಲು ಬಳಸುತ್ತಿದ್ದರು ಎನ್ನುತ್ತಾನೆ. ಆ ರಾಜಧಾನಿ ಆನೆಗೊಂದಿಯೇ ಎಂದು ಪುರಾತತ್ವಜ್ಞ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ 1871ರಲ್ಲಿ ವಾದಿಸಿದರು. ಎಲ್ಲರೂ ಒಪ್ಪಿಲ್ಲ, ಬನವಾಸಿ ಎಂದವರೂ ಇದ್ದಾರೆ.

ಇನ್ನು ನಿಮ್ಮ ಚೂರು. ನೀಲಿಯ ಮೇಲೆ ಉಗುರು ಆಡಿಸಿ. ಎಲ್ಲೂ ತಡೆಯದೆ ಜಾರಿದರೆ ಬಣ್ಣ ಲೇಪದ ಅಡಿಯಲ್ಲಿದೆ ಎಂದರ್ಥ. ಒಡೆದ ಅಂಚು ಬೆಳ್ಳಗೆ, ಒತ್ತಾಗಿ, ನೀರು ಹೀರದಂತಿದ್ದರೆ ಅದು ಪಿಂಗಾಣಿ. ಇತ್ತೀಚಿನ ಚಹಾ ಕಪ್ಪಿನ ಚೂರೂ ಹೀಗೇ ಇರಬಹುದಾದ್ದರಿಂದ ಕೊನೆಯ ಮಾತು ಪುರಾತತ್ವ ತಜ್ಞರದು. ಚೂರಿಗಿಂತ ಅದು ಸಿಕ್ಕ ಜಾಗ ಮುಖ್ಯ. ಅಲ್ಲಿ ಮತ್ತೆ ಅಗೆಯಬೇಡಿ. ಜಾಗದ ಫೋಟೊ ತೆಗೆದು ತಹಶೀಲ್ದಾರರಿಗೋ ಕಮಲಾಪುರದ ಪುರಾತತ್ವ ಇಲಾಖೆಯವರಿಗೋ ತಿಳಿಸಿ. ನೆಲದಡಿ ಸಿಕ್ಕ ಬೆಲೆಬಾಳುವ ಹಳೆಯ ವಸ್ತುವಿನ ಸುದ್ದಿಯನ್ನು ಜಿಲ್ಲಾಧಿಕಾರಿಗೆ ಮುಟ್ಟಿಸಬೇಕೆಂದು 1878ರ ನಿಧಿ ಕಾಯ್ದೆಯೂ ಹೇಳುತ್ತದೆ.

ಪ್ರಶ್ನೆ: ಚೀನಾದ ಹಳೆಯ ಕರಕುಶಲವನ್ನು ಕಣ್ಣಾರೆ ನೋಡಲು ನಮ್ಮ ಭಾಗದವರು ಎಲ್ಲಿಗೆ ಹೋಗಬೇಕು? — ನಿವೃತ್ತ ಅಂಚೆ ನೌಕರ, ಕೊಪ್ಪಳ

ಉತ್ತರ: ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂಗೆ. ಕೊಪ್ಪಳದವರಿಗೆ ಅದು ಪರರ ಮನೆಯಲ್ಲ. ನಿಜಾಮರ ಕಾಲದಲ್ಲಿ ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಾಗೀರಾಗಿತ್ತು, ನಿಮ್ಮ ಹಿರಿಯರು ಕಟ್ಟಿದ ಕಂದಾಯ ಆ ಮನೆಯ ಖಜಾನೆ ಸೇರುತ್ತಿತ್ತು. ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನ್ 1949ರಲ್ಲಿ ತೀರಿಕೊಂಡ ಮೇಲೆ, 1951ರಲ್ಲಿ ಅವರ ಸಂಗ್ರಹ ಜನರಿಗೆ ತೆರೆಯಿತು. ಅಲ್ಲಿನ ಚೀನಾ ವಿಭಾಗದಲ್ಲಿ ಎಳೆಹಸಿರು ಬಣ್ಣದ ಸೆಲಡನ್ ತಟ್ಟೆಗಳನ್ನು ನಿಧಾನಕ್ಕೆ ನೋಡಿ. ವಿಷ ಹಾಕಿದ ಊಟ ಬಡಿಸಿದರೆ ಈ ತಟ್ಟೆ ಬಣ್ಣ ಬದಲಿಸುತ್ತದೆ ಎಂದು ನವಾಬರು ನಂಬಿದ್ದರು. ಅದು ಬರೀ ನಂಬಿಕೆ. ಲೇಪದಲ್ಲಿರುವ ಸ್ವಲ್ಪ ಕಬ್ಬಿಣದಂಶ, ಭಟ್ಟಿಯಲ್ಲಿ ಗಾಳಿ ಕಡಿಮೆ ಮಾಡಿ ಸುಟ್ಟಾಗ ಹಸಿರಾಗುತ್ತದೆ. ಹಾಗೆ ಹುಟ್ಟಿದ ಬಣ್ಣ ಊಟದಿಂದ ಬದಲಾಗುವುದಿಲ್ಲ.

ಪ್ರಶ್ನೆ: ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ಅವರಿಗೆ ಪದ್ಮಶ್ರೀ ಬಂದಾಗ ಮಕ್ಕಳಿಗೆ ತೊಗಲುಗೊಂಬೆಯಾಟದ ಪಾಠ ಮಾಡಿದೆ. ಒಬ್ಬ ಹುಡುಗ, ‘ಇದು ಚೀನಾದಿಂದ ಬಂದ ಕಲೆ ಅಲ್ವಾ ಸರ್?’ ಎಂದು ಕೇಳಿದ. ಏನು ಹೇಳಲಿ? — ಪ್ರೌಢಶಾಲಾ ಶಿಕ್ಷಕ, ಯಲಬುರ್ಗಾ

ಉತ್ತರ: ಚೀನಾದಿಂದ ಬಂತು ಎನ್ನಲು ಆಧಾರವಿಲ್ಲ, ನಮ್ಮಿಂದ ಅಲ್ಲಿಗೆ ಹೋಯಿತು ಎನ್ನಲೂ ಇಲ್ಲ. ಎರಡೂ ಕಡೆ ಈ ಆಟ ಬಹಳ ಹಳೆಯದು. ಮಕ್ಕಳ ಮುಂದೆ ಎರಡು ಗೊಂಬೆಗಳ ಚಿತ್ರ ಇಟ್ಟು ಮಾಡಿದ ಬಗೆ ಹೋಲಿಸಿದರೆ ಪಾಠ ತಾನೇ ಬೆಳೆಯುತ್ತದೆ.

ಚೀನಾದ ಶಾನ್‌ಷಿ ಪ್ರಾಂತದವರು ದನದ ಚರ್ಮ, ತಾಂಗ್‌ಶಾನ್ ಕಡೆಯವರು ಕತ್ತೆಯ ಚರ್ಮ ಬಳಸುತ್ತಾರೆ. ನೆನೆಸಿ, ಕೂದಲು ಕೆರೆದು, ಬೆಳಕು ತೂರುವಷ್ಟು ತೆಳ್ಳಗೆ ಮಾಡಿ, ಹರಿತವಾದ ಚಾಕುಗಳಿಂದ ಜಾಲರಿಯಂತೆ ಕೊರೆಯುತ್ತಾರೆ. ಗೊಂಬೆ ಹೆಚ್ಚುಕಡಿಮೆ ಒಂದಡಿ. ತಲೆ, ಎದೆ, ಸೊಂಟ, ಕಾಲು, ತೋಳು, ಮುಂಗೈ, ಹಸ್ತ ಎಲ್ಲ ಬೇರೆ ಬೇರೆ ಕತ್ತರಿಸಿ ದಾರದಿಂದ ಕೂಡಿಸುತ್ತಾರೆ. ಕುತ್ತಿಗೆಗೊಂದು, ಎರಡು ಕೈಗೆರಡು, ಹೀಗೆ ಮೂರು ಕಡ್ಡಿ. ತಲೆ ಕಳಚಿ ಬೇರೆ ತಲೆ ಸಿಕ್ಕಿಸಿದರೆ ಅದೇ ಮೈ ಇನ್ನೊಬ್ಬ ಪಾತ್ರವಾಗುತ್ತದೆ. ಅಲ್ಲಿ ಜೀವ ಇರುವುದು ಕೀಲಿನಲ್ಲಿ. ಕುದುರೆ ಏರುವುದು, ಕತ್ತಿ ಬೀಸುವುದು ಕಣ್ಣು ರೆಪ್ಪೆ ಹೊಡೆಯುವಷ್ಟರಲ್ಲಿ ನಡೆದುಬಿಡುತ್ತದೆ.

ಗೊಂಬೆಯಾಡಿಸುವ ನಮ್ಮ ಶಿಳ್ಳೆಕ್ಯಾತರು ಆಡಿನ ತೊಗಲು ಹದ ಮಾಡುತ್ತಾರೆ. ದೊಡ್ಡ ಗೊಂಬೆಗಳು ಮೂರ್ನಾಲ್ಕು ಅಡಿ ಎತ್ತರ. ಎಷ್ಟೋ ಸಲ ಒಂದೇ ತೊಗಲಿನಲ್ಲಿ ಸಿಂಹಾಸನ, ದೊರೆ, ಚಾಮರದವರು ಎಲ್ಲ ಸೇರಿ ಇಡೀ ದರ್ಬಾರೇ ನಿಂತಿರುತ್ತದೆ. ಸೀಳಿದ ಬಿದಿರಿನ ನಡುವೆ ಅದನ್ನು ಕಚ್ಚಿಸಿ ಪರದೆಗೆ ಒತ್ತಿ ಹಿಡಿದಾಗ ಬಣ್ಣಗಳು ದೀಪದ ಬೆಳಕಿನಲ್ಲಿ ಉರಿಯುತ್ತವೆ. ಇಲ್ಲಿ ಜೀವ ಇರುವುದು ಬಣ್ಣದಲ್ಲಿ, ಹಾಡಿನಲ್ಲಿ, ಕಿಳ್ಳೆಕ್ಯಾತ ಮತ್ತು ಬಂಗಾರಕ್ಕ ಎಂಬ ಗೊಂಬೆಗಳ ಹಾಸ್ಯದಲ್ಲಿ. ಚೀನಾದ ನೆರಳುಗೊಂಬೆಯಾಟ 2011ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಭೀಮವ್ವ ದೊಡ್ಡಬಾಳಪ್ಪ ಶಿಳ್ಳೆಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು.

ಆ ಹುಡುಗನಿಗೆ ಇನ್ನೊಂದು ವಿಷಯ ಹೇಳಿ. ಚೀನಾದ ಪರದೆಯ ಮೇಲೆ ಜನ ಮುಗಿಬಿದ್ದು ನೋಡುವ ವೀರರಲ್ಲಿ ಒಬ್ಬ ಕಪಿ. ಹೆಸರು ಸುನ್ ವುಕೊಂಗ್. 16ನೇ ಶತಮಾನದ ಕಾದಂಬರಿಯಲ್ಲಿ ಅವನು ಕಾವಲಾಗಿ ಹೊರಡುವುದು ಬೇರಾರ ಜೊತೆಗೂ ಅಲ್ಲ, ಮೇಲೆ ಹೇಳಿದ ಹ್ಯುಯೆನ್ ತ್ಸಾಂಗನ ಜೊತೆಗೇ. ಈ ಕಪಿಯ ಮೂಲ ನಮ್ಮ ಹನುಮಂತ ಎಂದು ಚೀನಾದ ವಿದ್ವಾಂಸ ಹು ಷಿ 1923ರಲ್ಲಿ ಬರೆದರು. ಲೇಖಕ ಲು ಷುನ್ ಒಪ್ಪಲಿಲ್ಲ, ಚೀನಾದ್ದೇ ನದಿ ದೈತ್ಯನೊಬ್ಬನ ಕತೆಯಿಂದ ಬಂದನೆಂದರು. ಅಂಜನಾದ್ರಿಯನ್ನು ಹನುಮನ ಜನ್ಮಸ್ಥಳವೆಂದು ನಂಬಿದ ಜಿಲ್ಲೆಯ ಮಕ್ಕಳು ಈ ವಾದ ಕೇಳಿದರೆ ಖಂಡಿತ ಕಿವಿ ನಿಮಿರಿಸುತ್ತಾರೆ.

ಪ್ರಶ್ನೆ: ಇಳಕಲ್ ಸೀರೆಗೆ ಕಸೂತಿ ಹಾಕಿಕೊಡುತ್ತೇನೆ. ಗಿರಾಕಿಯೊಬ್ಬರು ಚೀನಾ ಕಸೂತಿಯ ವಿಡಿಯೊ ತೋರಿಸಿ, ‘ಎರಡೂ ಕಡೆ ಒಂದೇ ಥರ ಕಾಣೋ ಕೆಲಸ ಅವರಿಗೆ ಮಾತ್ರ ಬರೋದು’ ಅಂದರು. ಮನಸ್ಸಿಗೆ ಬೇಜಾರಾಯಿತು. ಇನ್ನೊಂದು, ರೇಷ್ಮೆ ಅಸಲಿಯೋ ಅಲ್ಲವೋ ಹೇಗೆ ತಿಳಿಯೋದು? — ಕಸೂತಿ ಕೆಲಸದವರು, ದೋಟಿಹಾಳ, ಕುಷ್ಟಗಿ ತಾಲ್ಲೂಕು

ಉತ್ತರ: ಬೇಜಾರು ಬೇಡ ಅಕ್ಕಾರ. ನಿಮ್ಮ ಗವಂತಿ, ಮುರ್ಗಿ ಹೊಲಿಗೆ ತಿರುವಿ ತೋರಿಸಿ. ಗಂಟು ಹಾಕದೆ, ಹೋದ ದಾರಿಯಲ್ಲೇ ಸೂಜಿ ಮರಳಿ ಬಂದು ಖಾಲಿ ಜಾಗ ತುಂಬುವುದರಿಂದ ಅವೂ ಎರಡೂ ಕಡೆ ಒಂದೇ. ಗಿರಾಕಿ ನೋಡಿದ್ದು ಬಹುಶಃ ಸುಝೌ ಊರಿನ ಕಸೂತಿ. ಅಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದು, ರೇಷ್ಮೆ ಎಳೆಯನ್ನೇ ಮತ್ತೆ ಹಲವು ಸೀಳಾಗಿ ಸೀಳಿ, ಕೂದಲಿಗಿಂತ ಸಣ್ಣ ಎಳೆಯಿಂದ ಬೆಕ್ಕಿನ ರೋಮ, ಮೀನಿನ ರೆಕ್ಕೆ ತುಂಬುತ್ತಾರೆ. ನೀವು ಚಿತ್ರ ಬರೆಯುವುದೇ ಇಲ್ಲ, ಹಾಸು ಹೊಕ್ಕಿನ ಎಳೆ ಎಣಿಸಿ ಗೋಪುರ, ರಥ, ತುಳಸಿ ಕಟ್ಟೆ ಎಬ್ಬಿಸುತ್ತೀರಿ. ಅವರದು ಬಣ್ಣದ ಲೆಕ್ಕ, ನಿಮ್ಮದು ಎಳೆಯ ಲೆಕ್ಕ. ಎರಡಕ್ಕೂ ಬೇಕಾದ ತಾಳ್ಮೆ ಒಂದೇ. ಚೀನಾದ ಕಸೂತಿ ಭಾರತದ ಸೀರೆಗೂ ಬಂದಿದೆ. 19ನೇ ಶತಮಾನದಲ್ಲಿ ಪಾರ್ಸಿ ವ್ಯಾಪಾರಿಗಳು ಕ್ಯಾಂಟನ್ನಿನಿಂದ ತಂದ ಬಟ್ಟೆಯಿಂದ ‘ಗಾರಾ’ ಸೀರೆ ಹುಟ್ಟಿತು.

ರೇಷ್ಮೆಗೆ ಸುಲಭದ ಪರೀಕ್ಷೆ ಬೆಂಕಿಯದು. ಸೀರೆಯ ಒಳ ಅಂಚಿನಿಂದ ಎರಡು ಎಳೆ ಕಿತ್ತು ಸುಡಿ. ಅಸಲಿ ರೇಷ್ಮೆ ನಿಧಾನ ಉರಿಯುತ್ತದೆ, ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಕರಿ ಉಂಡೆ ಬೆರಳಲ್ಲಿ ಪುಡಿಯಾಗುತ್ತದೆ. ಚಮಕಾ, ಅಂದರೆ ಕೃತಕ ರೇಷ್ಮೆಯ ಎಳೆ ಕಾಗದದಂತೆ ಭಗ್ಗನೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆದರೆ ಚೀನಾದ ರೇಷ್ಮೆಯೂ ರಾಮನಗರದ ರೇಷ್ಮೆಯೂ ಹಿಪ್ಪುನೇರಳೆ ಹುಳದ್ದೇ ಆದ್ದರಿಂದ ಬೆಂಕಿ ಅವೆರಡರ ನಡುವಿನ ವ್ಯತ್ಯಾಸ ಹೇಳದು. ಅದಕ್ಕೆ ನೂಲು ಕೊಂಡ ಬಿಲ್ಲೇ ಸಾಕ್ಷಿ.

ಪ್ರಶ್ನೆ: ನಾನು ಕಿನ್ನಾಳದ ಚಿತ್ರಗಾರರ ಮನೆಯ ಹುಡುಗ. ಗವಿಮಠದ ಜಾತ್ರೆಯಲ್ಲಿ ಚೀನಾ ಪ್ಲಾಸ್ಟಿಕ್ ಆಟಿಕೆ ರಾಶಿ ರಾಶಿ ಮಾರುತ್ತವೆ, ನಮ್ಮ ಗೊಂಬೆ ಮುಟ್ಟಿ ನೋಡಿ ಮುಂದೆ ಹೋಗುತ್ತಾರೆ. ಚೀನಾದ ಮೇಲೆ ಸಿಟ್ಟು ಬರುತ್ತದೆ. ಈ ಕಸುಬು ಮುಂದುವರಿಸಬೇಕಾ? — ಕಿನ್ನಾಳ, ಕೊಪ್ಪಳ ತಾಲ್ಲೂಕು

ಉತ್ತರ: ನಿನ್ನ ಸಿಟ್ಟಿಗೆ ಕಾರಣವಿದೆ ತಮ್ಮಾ. ಆದರೆ ಆ ಪ್ಲಾಸ್ಟಿಕ್ ಆಟಿಕೆ ಕಾರ್ಖಾನೆಯ ಸರಕು, ಅದನ್ನು ಚೀನಾದ ಜಾನಪದ ಕಲೆ ಎಂದುಕೊಳ್ಳಬೇಡ. ಅಲ್ಲಿಯೂ ನಿನ್ನಂಥವರಿದ್ದಾರೆ. ತಿಯಾನ್‌ಜಿನ್ ನಗರದ ಝಾಂಗ್ ಮನೆತನದವರು 19ನೇ ಶತಮಾನದಿಂದ ತಲೆಮಾರುಗಟ್ಟಲೆ ಬಣ್ಣದ ಮಣ್ಣುಗೊಂಬೆ ಮಾಡುತ್ತಿದ್ದಾರೆ. ಚೀನಾ ಸರ್ಕಾರ 2006ರಲ್ಲಿ ರಾಷ್ಟ್ರೀಯ ಪರಂಪರೆಯ ಮೊದಲ ಪಟ್ಟಿ ಮಾಡಿದಾಗ ಆ ಕಸುಬನ್ನು ಸೇರಿಸಿತು. ಪ್ಲಾಸ್ಟಿಕ್ ಅಚ್ಚು ಅವರ ಅನ್ನಕ್ಕೂ ಎದುರಾಳಿಯೇ.

ಮಾರುಕಟ್ಟೆ ಮೊದಲಿನಂತಿಲ್ಲ ಎಂಬುದನ್ನೂ ಗಮನಿಸು. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯವಾಯಿತು. ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕ ಪಡೆದ ಆಟಿಕೆಗಳಿಗೂ ಅದರಿಂದ ವಿನಾಯಿತಿ ಇದೆ. ಕಿನ್ನಾಳಕ್ಕೆ ಆ ಸೂಚಕ ಇದೆ. ನಿನ್ನ ಹೆಸರಲ್ಲಿ ಕುಶಲಕರ್ಮಿ ಗುರುತಿನ ಚೀಟಿ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸು. 2021ರ ಅದೇ ಜನವರಿಯಲ್ಲಿ ನಿಮ್ಮ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರಿಗೆ ಅಡಿಗಲ್ಲು ಬಿತ್ತು. ಅದೂ ಕಾರ್ಖಾನೆಯ ದಾರಿ. ಬೆಲೆಯ ಪೈಪೋಟಿಯಲ್ಲಿ ಕೈಗೆಲಸ ಯಾವ ದೇಶದ ಯಂತ್ರವನ್ನೂ ಗೆಲ್ಲದು.

ಹಾಗಾದರೆ ಯಾವುದರಲ್ಲಿ ಗೆಲ್ಲಬೇಕು? ನಿನ್ನ ಮನೆಯವರಿಗೆ ಮಾತ್ರ ಗೊತ್ತಿರುವ ಕೆಲಸದಲ್ಲಿ. ಚೀನಾದ ಮೆರುಗೆಣ್ಣೆ ಕೆಲಸಕ್ಕೆ ಲೋಕದಲ್ಲಿ ದೊಡ್ಡ ಹೆಸರಿದೆ. ಆ ಮೆರುಗೆಣ್ಣೆ ಮರವೊಂದರ ಹಾಲು, ಹಸಿಯಾಗಿ ಮೈಗೆ ತಾಗಿದರೆ ತುರಿಕೆ ಏಳುತ್ತದೆ. ತೇವದ ಕೋಣೆಯಲ್ಲಿಟ್ಟು ಗಟ್ಟಿ ಮಾಡಿ, ಪದರದ ಮೇಲೆ ಪದರ ಬಳಿದು ಕೆತ್ತುತ್ತಾರೆ. ಚನ್ನಪಟ್ಟಣದವರದು ಹುಳ ಕೊಟ್ಟ ಅರಗು, ತಿರುಗುವ ಮರಕ್ಕೆ ಒತ್ತಿ ಹಿಡಿದಾಗ ಕಾವಿಗೆ ಕರಗಿ ಅಂಟುತ್ತದೆ. ನಿಮ್ಮದು ಇವೆರಡೂ ಅಲ್ಲ. ಹಗುರ ಮರದ ಅಂಗಗಳನ್ನು ಕೂಡಿಸಿ, ಗೋಣಿ ನಾರು, ಕಟ್ಟಿಗೆ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿದ ಕಿಟ್ಟವನ್ನು ಮೆತ್ತಿ, ಅರಿವೆ ಚೂರು ಅಂಟಿಸಿ, ಕಲ್ಲುಪುಡಿಯ ಸರಿಯಿಂದ ಒಡವೆ ಎಬ್ಬಿಸಿ, ಮೇಲೆ ತವರದ ಲಾಜವಾರ ಹಚ್ಚಿ ಬಂಗಾರದ ಹೊಳಪು ತರುತ್ತೀರಿ. ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರಗಳು ನಿಮ್ಮ ಹಿರಿಯರ ಕೈಯವೆಂದು ಹೇಳುತ್ತಾ ಬಂದಿದ್ದಾರೆ.

ಜಾತ್ರೆಯ ಅಂಗಡಿಯಲ್ಲಿ ಮುಗಿದ ಗೊಂಬೆ ಮಾತ್ರ ಇಡಬೇಡ. ಒಂದು ಹಲಗೆಯ ಮೇಲೆ ಬರೀ ಮರದ ಗರುಡ, ಕಿಟ್ಟ ಮೆತ್ತಿದ ಗರುಡ, ಒಡವೆ ಎಬ್ಬಿಸಿದ ಗರುಡ, ಲಾಜವಾರ ಹಚ್ಚಿ ಬಣ್ಣ ತುಂಬಿದ ಗರುಡ, ಹೀಗೆ ನಾಲ್ಕನ್ನು ಸಾಲಾಗಿ ಇಡು. ಪಕ್ಕದಲ್ಲಿ ಕೂತು ಕೆಲಸ ಮಾಡು, ಕೇಳಿದವರಿಗೆ ವಿವರಿಸು. ಮುಟ್ಟಿ ಮುಂದೆ ಹೋಗುವವರು ನಿಲ್ಲಬೇಕಾದರೆ, ಆ ಬೆಲೆ ಯಾತಕ್ಕೆಂದು ಅವರಿಗೆ ಮೊದಲು ಕಣ್ಣಿಗೆ ಕಾಣಬೇಕು. ಕಸುಬು ಮುಂದುವರಿಸು. ಊರಿನ ಒಂದಿಬ್ಬರು ಮಕ್ಕಳಿಗೂ ಈಗಲೇ ಕಲಿಸಲು ಶುರುಮಾಡು.