ಕೂಡಿಸಿದ ಎಂಜಿನಿಗೆ ಮೊದಲ ಎಣ್ಣೆ

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಹಳೆಯ ಬುಲೆಟ್ ಮೋಟಾರ್ ಸೈಕಲ್ ಇಟ್ಟುಕೊಂಡವರು ಕೆಲವರಿದ್ದಾರೆ. ಕೆಲವರಿಗೆ ಅದು ಹವ್ಯಾಸ. ಮತ್ತೆ ಕೆಲವರಿಗೆ ಪಾಳಿಯ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಮುಟ್ಟಿಸುವ ವಾಹನ. ಇಂಥ ಗಾಡಿ ನೀಲಿ ಹೊಗೆ ಕಾರತೊಡಗಿದಾಗ ಎಂಜಿನನ್ನು ಬಿಚ್ಚಿಸಿ, ಸಿಲಿಂಡರಿಗೆ ಬೋರ್ ಹೊಡೆಸಿ, ಹೊಸ ಪಿಸ್ಟನ್ನು, ಹೊಸ ರಿಂಗು ಹಾಕಿಸುತ್ತಾರೆ. ಬಹುದಿನದ ಉಳಿತಾಯ ಅದರಲ್ಲಿ ಕರಗುತ್ತದೆ. ಇಷ್ಟಾದ ಮೇಲೆ ಎಣ್ಣೆಯ ಮಾತು ಬಂದಾಗ ಮಾತ್ರ "ಯಾವುದಾದರೂ ಹಾಕಿಬಿಡಿ" ಎನ್ನುವವರೂ ಉಂಟು, "ಅಂಗಡಿಯಲ್ಲಿರುವ ಎಲ್ಲಕ್ಕಿಂತ ದುಬಾರಿಯದನ್ನೇ ಹಾಕಿ" ಎನ್ನುವವರೂ ಉಂಟು. ಎರಡೂ ಸರಿಯಲ್ಲ. ಮೊದಲ ನೂರಿನ್ನೂರು ಕಿಲೋಮೀಟರಿನಲ್ಲಿ ಸಿಲಿಂಡರು ಕೆಟ್ಟರೆ ಮತ್ತೆ ಬೋರ್ ಹೊಡೆಸಬೇಕು. ಒಂದೊಂದು ಸಲ ಕೊರೆದಾಗಲೂ ಅದರ ಗೋಡೆ ತೆಳುವಾಗುತ್ತದೆ. ಆದುದರಿಂದ ಈ ಸಂಚಿಕೆಯ ಪಾಠಕ್ಕೆ ಈ ವಿಷಯವನ್ನೇ ಎತ್ತಿಕೊಂಡಿದ್ದೇವೆ.

ಯಾವ ಎಂಜಿನಿನ ಮಾತು?

1955ರಿಂದ ಮದರಾಸಿನಲ್ಲಿ ತಯಾರಾದ, ಎರಕದ ಕಬ್ಬಿಣದ ಸಿಲಿಂಡರುಳ್ಳ ಹಳೆಯ 350 ಬುಲೆಟ್ಟನ್ನು ನಾವು ಉದಾಹರಣೆಗೆ ಇಟ್ಟುಕೊಂಡಿದ್ದೇವೆ. ಅದರ ಬೋರು 70 ಮಿಲಿಮೀಟರು, ಸ್ಟ್ರೋಕು 90 ಮಿಲಿಮೀಟರು, ಒಟ್ಟು 346 ಸಿ.ಸಿ. ಮೈಸೂರಿನಲ್ಲಿ 1960ರ ದಶಕದಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಗಾಡಿಗಳು ನಮ್ಮವರಿಗೆ ಇನ್ನೂ ಹತ್ತಿರದವು. ಆದರೆ ಅವು ಟೂ-ಸ್ಟ್ರೋಕ್ ಎಂಜಿನುಗಳು. ಅವುಗಳ ಎಣ್ಣೆ ಪೆಟ್ರೋಲಿನೊಡನೆ ಬೆರೆತು ಉರಿದುಹೋಗುತ್ತದೆ. ಈ ಪಾಠ ಅವಕ್ಕೆ ಅನ್ವಯಿಸುವುದಿಲ್ಲ.

ಗಾಳಿಯಿಂದ ತಣಿಯುವ ಎಂಜಿನಿಗೆ ಸುತ್ತಲೂ ನೀರಿನ ಹೊದಿಕೆ ಇರುವುದಿಲ್ಲ. ಸಿಲಿಂಡರಿನ ಹೊರಗಿನ ರೆಕ್ಕೆಗಳಿಗೆ ಗಾಳಿ ತಾಗಬೇಕು. ಒಳಗಿನ ಬಿಸಿಯಲ್ಲಿ ಒಂದು ಪಾಲನ್ನು ಎಣ್ಣೆಯೇ ಹೊತ್ತು ತರಬೇಕು. ಗಾಡಿ ನಿಂತಿದ್ದರೆ ಗಾಳಿ ಇಲ್ಲ, ಬಿಸಿ ಮಾತ್ರ ಏರುತ್ತದೆ. ಇದನ್ನು ಮನಸ್ಸಿನಲ್ಲಿಟ್ಟರೆ ಮುಂದಿನ ಮಾತೆಲ್ಲ ಸುಲಭವಾಗಿ ತಿಳಿಯುವುದು.

ಪಳಗುವುದು ಎಂದರೇನು?

ಬೋರ್ ಹೊಡೆದ ಮೇಲೆ ಸಿಲಿಂಡರಿನ ಒಳಮೈಯನ್ನು ಹೋನಿಂಗ್ ಕಲ್ಲಿನಿಂದ ಉಜ್ಜುತ್ತಾರೆ. ಆಗ ಒಂದನ್ನೊಂದು ಅಡ್ಡ ಹಾಯುವ ಸಣ್ಣ ಗೀರುಗಳು ಮೂಡುತ್ತವೆ. ಈ ಗೀರುಗಳು ಬೇಕೆಂದೇ ಮಾಡಿದವು. ಅವುಗಳ ತಗ್ಗಿನಲ್ಲಿ ಎಣ್ಣೆ ನಿಲ್ಲುತ್ತದೆ. ಅವುಗಳ ಮೊನಚು ಏಣುಗಳು ಹೊಸ ರಿಂಗಿನ ಅಂಚನ್ನು ಸವೆಸಿ ತಾವೂ ಸವೆಯುತ್ತವೆ. ಹೀಗೆ ರಿಂಗೂ ಗೋಡೆಯೂ ಒಂದಕ್ಕೊಂದು ಒಪ್ಪಿಕೊಳ್ಳುವುದೇ ಪಳಗುವಿಕೆ. ಮೆಕ್ಯಾನಿಕರ ಮಾತಿನಲ್ಲಿ ರನ್ನಿಂಗ್-ಇನ್.

ರಿಂಗನ್ನು ಗೋಡೆಗೆ ಒತ್ತುವುದು ಅದರ ಸ್ವಂತ ಬಿಗಿ ಮಾತ್ರವಲ್ಲ. ಪೆಟ್ರೋಲು ಉರಿದಾಗ ಹುಟ್ಟುವ ಒತ್ತಡ ರಿಂಗಿನ ಹಿಂದೆ ನುಗ್ಗಿ ಅದನ್ನು ಹೊರಕ್ಕೆ ತಳ್ಳುತ್ತದೆ. ಎಂಜಿನನ್ನು ತೀರ ಮೆತ್ತಗೆ, ಭಾರವಿಲ್ಲದೆ ಓಡಿಸಿದರೆ ಈ ಒತ್ತಡ ಸಾಲದು. ಆಗ ಗೋಡೆಯ ಮೇಲಿನ ಎಣ್ಣೆ ಬೆಂದು, ಮೆರುಗೆಣ್ಣೆ ಬಳಿದಂತೆ ಹೊಳಪು ಕಟ್ಟುತ್ತದೆ, ಗೀರುಗಳು ಮುಚ್ಚಿಹೋಗುತ್ತವೆ. ಅಲ್ಲಿಂದ ಮುಂದೆ ಗಾಡಿ ಎಣ್ಣೆ ಕುಡಿಯುತ್ತಲೇ ಇರುವುದು. ಇದಕ್ಕೆ ವಿರುದ್ಧವಾಗಿ, ಮೊದಲ ದಿನವೇ ಗಾಡಿಯನ್ನು ಬಿರುಸಾಗಿ ಓಡಿಸಿದರೆ ಪಿಸ್ಟನ್ನು ಬಿಸಿಯಿಂದ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಎರಡರ ನಡುವಿನ ದಾರಿ ನಮ್ಮದಾಗಬೇಕು.

ಎಣ್ಣೆಯ ದಪ್ಪ

ನಮ್ಮಂತೆ ಗಿರಣಿಯಲ್ಲಿ ಕೆಲಸ ಮಾಡುವವರಿಗೆ ಒಂದು ಸಂಗತಿ ಗೊತ್ತೇ ಇದೆ. ಗಿರ್ರನೆ ತಿರುಗುವ ಕದಿರುಗಳಿಗೆ ನೀರಿನಂಥ ತೆಳು ಎಣ್ಣೆ, ಭಾರ ಎಳೆಯುವ ಹಲ್ಲುಗಾಲಿಗಳಿಗೆ ಮಂದ ಎಣ್ಣೆ. ಕೆಲಸಕ್ಕೆ ತಕ್ಕ ದಪ್ಪ. ಮೋಟಾರಿನ ಎಣ್ಣೆಗೂ ಇದೇ ನ್ಯಾಯ. ಡಬ್ಬಿಯ ಮೇಲೆ 20ಡಬ್ಲ್ಯು-50 ಎಂದಿದ್ದರೆ, ಡಬ್ಲ್ಯು ಎಂಬುದು ಚಳಿಗಾಲದ ಗುರುತು. ಅದರ ಹಿಂದಿನ 20 ಎಣ್ಣೆ ಚಳಿಯಲ್ಲಿ ಹೇಗಿರುತ್ತದೆಂಬುದನ್ನೂ, ಕೊನೆಯ 50 ಅದು 100 ಡಿಗ್ರಿ ಸೆಂಟಿಗ್ರೇಡ್ ಬಿಸಿಯಲ್ಲಿ ಎಷ್ಟು ಮಂದವಾಗಿ ಉಳಿಯುತ್ತದೆಂಬುದನ್ನೂ ಹೇಳುತ್ತವೆ. ಹಳೆಯ ಬುಲೆಟ್ಟಿಗೆ 20ಡಬ್ಲ್ಯು-40 ಅಥವಾ 20ಡಬ್ಲ್ಯು-50 ಹೊಂದುತ್ತದೆ. ನಿಮ್ಮ ಗಾಡಿಯ ಕೈಪಿಡಿ ಇದ್ದರೆ ಅದರ ಮಾತೇ ಕೊನೆಯದು. ಮುಂಬಯಿ, ಮದರಾಸು, ಹೈದರಾಬಾದುಗಳ ಸೆಕೆಗೆ 50 ಒಳ್ಳೆಯದು. ದಿಲ್ಲಿಯ ಚಳಿಗೂ ಹೆದರಬೇಕಾಗಿಲ್ಲ. 20ಡಬ್ಲ್ಯು ಎಣ್ಣೆಯನ್ನು ಸೊನ್ನೆಗಿಂತ 15 ಡಿಗ್ರಿ ಕೆಳಗೆ ಪರೀಕ್ಷಿಸಿರುತ್ತಾರೆ. ಹೊಸ ಕಾರುಗಳಿಗೆಂದು ಮಾರುವ 0ಡಬ್ಲ್ಯು-20ರಂಥ ತೆಳು ಎಣ್ಣೆ ಮಾತ್ರ ಈ ಎಂಜಿನಿಗೆ ಬೇಡ.

ಮಿನರಲ್ಲೋ ಸಿಂಥೆಟಿಕ್ಕೋ?

ಪಳಗಿಸುವ ಕಾಲಕ್ಕೆ ಸಾಧಾರಣ ಮಿನರಲ್ ಎಣ್ಣೆಯೇ ಸಾಕು ಎಂಬುದು ನಮ್ಮ ಅಭಿಪ್ರಾಯ. "ಸಿಂಥೆಟಿಕ್ ಹಾಕಿದರೆ ರಿಂಗು ಎಂದಿಗೂ ಕೂಡುವುದಿಲ್ಲ" ಎಂದು ಕೆಲವರು ಹೇಳುವುದು ಪೂರ್ತಿ ನಿಜವಲ್ಲ. ಕೆಲವು ಕಾರು ಕಾರ್ಖಾನೆಗಳು ಹೊಸ ಎಂಜಿನಿಗೆ ಅದನ್ನೇ ತುಂಬಿ ಕಳಿಸುತ್ತವೆ. ಆದರೆ ಆ ಸಿಲಿಂಡರುಗಳ ಒಳಮೈ ಕಾರ್ಖಾನೆಯಲ್ಲಿಯೇ ಬಹು ನಯವಾಗಿ ಮುಗಿದಿರುತ್ತದೆ. ಬೀದಿಯ ವರ್ಕ್‌ಶಾಪಿನಲ್ಲಿ ಕೈಯಿಂದ ಹೋನ್ ಮಾಡಿದ ಸಿಲಿಂಡರಿಗೆ ಇನ್ನಷ್ಟು ಸವೆತ ಬೇಕು. ಅತಿ ಜಾರುವ ಎಣ್ಣೆ ಆ ಕೆಲಸವನ್ನು ನಿಧಾನಮಾಡಬಹುದು. ಅದೂ ಅಲ್ಲದೆ ಈ ಮೊದಲ ಎಣ್ಣೆಯನ್ನು ಬೇಗನೆ ಬಸಿದು ತೆಗೆಯಬೇಕು. ಹೊರಗೆ ತೆಗೆಯುವ ಎಣ್ಣೆಗೆ ಎರಡು ಮೂರು ಪಟ್ಟು ಹಣ ಏಕೆ ಕೊಡಬೇಕು? ಘರ್ಷಣೆ ಕಡಿಮೆಮಾಡುವುದೆಂದು ಹೇಳಿ ಮಾರುವ ಸಣ್ಣ ಸೀಸೆಗಳ ಔಷಧಿಯನ್ನೂ ಈಗ ಬೆರೆಸಬೇಡಿರಿ.

ಸತುವಿನ ಮಾತು

ರಿಂಗು ಸವೆಯಬೇಕು ನಿಜ. ಆದರೆ ಕ್ಯಾಮೂ ಟ್ಯಾಪೆಟ್ಟೂ ಸವೆಯಬಾರದು. ಬುಲೆಟ್ಟಿನಲ್ಲಿ ಟ್ಯಾಪೆಟ್ಟಿನ ಚಪ್ಪಟೆ ಪಾದ ಕ್ಯಾಮಿನ ಮೇಲೆ ಉಜ್ಜುತ್ತಲೇ ಇರುತ್ತದೆ. ಅಲ್ಲಿ ಒತ್ತಡ ಬಹಳ. ಅದನ್ನು ಕಾಪಾಡಲು 1940ರ ದಶಕದಿಂದ ಎಣ್ಣೆಗೆ ಸತುವೂ ರಂಜಕವೂ ಸೇರಿದ ಒಂದು ರಾಸಾಯನಿಕವನ್ನು ಬೆರೆಸುತ್ತ ಬಂದಿದ್ದಾರೆ. ಲೋಹ ಲೋಹಕ್ಕೆ ತಾಗಿ ಬಿಸಿಯಾದ ಜಾಗದಲ್ಲಿ ಅದು ತೆಳುವಾದ ಪೊರೆ ಕಟ್ಟುತ್ತದೆ. ಕಾರುಗಳ ಹೊಗೆಕೊಳವೆಯಲ್ಲಿರುವ ಹೊಗೆ ಶುದ್ಧಿಮಾಡುವ ಸಾಧನಕ್ಕೆ ರಂಜಕ ಕೆಡುಕು ಮಾಡುವುದರಿಂದ, 2004ರ ಎಸ್‌ಎಂ ದರ್ಜೆಯಿಂದ ತೆಳು ಎಣ್ಣೆಗಳಲ್ಲಿ ಅದನ್ನು ನೂರಕ್ಕೆ 0.08ರ ಮಿತಿಗೆ ಇಳಿಸಿದರು. 20ಡಬ್ಲ್ಯು-50ರಂಥ ಮಂದ ಎಣ್ಣೆಗಳಿಗೆ ಆ ಮಿತಿ ಇಲ್ಲ. ಮೋಟಾರ್ ಸೈಕಲ್ಲಿಗೆಂದೇ ಇರುವ ಜಾಸೋ ಎಂಎ ಗುರುತಿನ ಎಣ್ಣೆಯಲ್ಲಿ ರಂಜಕ 0.08ಕ್ಕಿಂತ ಕಡಿಮೆ ಇರಕೂಡದೆಂಬ ನಿಯಮವಿದೆ. ಆದುದರಿಂದ ಡಬ್ಬಿಯ ಹಿಂಬದಿಯಲ್ಲಿ ಈ ಗುರುತನ್ನು ಹುಡುಕಿರಿ. ಕ್ಲಚ್ಚೂ ಗಿಯರೂ ಎಂಜಿನ್ ಎಣ್ಣೆಯಲ್ಲಿಯೇ ಮುಳುಗಿರುವ ಗಾಡಿಗಳಿಗಂತೂ ಇದು ಅವಶ್ಯ. ಇಲ್ಲದಿದ್ದರೆ ಕ್ಲಚ್ಚು ಜಾರಬಹುದು. ಹಳೆಯ ಬುಲೆಟ್ಟಿನಲ್ಲಿ ಕ್ಲಚ್ಚಿಗೆ ಬೇರೆ ಪೆಟ್ಟಿಗೆ, ಬೇರೆ ಎಣ್ಣೆ. ಅದನ್ನು ಪ್ರತ್ಯೇಕವಾಗಿ ನೋಡಿಕೊಳ್ಳಬೇಕು.

ಮಾಡುವ ಕ್ರಮ

1. ಹೋನಿಂಗ್ ಆದ ಸಿಲಿಂಡರನ್ನು ಬಿಸಿನೀರು, ಸಾಬೂನು, ಬ್ರಷ್ಷುಗಳಿಂದ ತೊಳೆಯಿಸಿರಿ. ಬರಿಯ ಪೆಟ್ರೋಲಿನಿಂದ ಕಲ್ಲಿನ ಪುಡಿ ಪೂರ್ತಿ ಹೋಗುವುದಿಲ್ಲ. ಬಿಳಿ ಬಟ್ಟೆಯಿಂದ ಒರೆಸಿದರೆ ಕಲೆ ಅಂಟಬಾರದು. ಕೂಡಲೇ ಎಣ್ಣೆ ಸವರಿರಿ. ತಡಮಾಡಿದರೆ ತುಕ್ಕು ಹಿಡಿಯುತ್ತದೆ.

2. ಕ್ಯಾಮು, ಟ್ಯಾಪೆಟ್ಟಿನ ಪಾದಗಳಿಗೆ ಎಂಜಿನ್ ಜೋಡಿಸುವಾಗ ಹಚ್ಚುವ ಲೇಪವನ್ನು ಸವರಲಿ. ರಿಂಗುಗಳಿಗೆ ಆ ಲೇಪ ಬೇಡ. ಸಾಧಾರಣ ಎಣ್ಣೆ ಸ್ವಲ್ಪವೇ ಸಾಕು.

3. ಎಣ್ಣೆ ತುಂಬಿದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟು, ಎಣ್ಣೆ ಮೇಲಿನ ರಾಕರುಗಳವರೆಗೆ ಬಂದುದು ಕಾಣುವ ತನಕ ಕಿಕ್ ಹೊಡೆಯಿರಿ. ಒಣ ಎಂಜಿನನ್ನು ಚಾಲೂ ಮಾಡುವುದು ಸಲ್ಲದು.

4. ಚಾಲೂ ಆದ ಮೇಲೆ ನಿಂತಲ್ಲಿಯೇ ಬಹಳ ಹೊತ್ತು ಓಡಿಸಬೇಡಿರಿ. ಒಂದೆರಡು ನಿಮಿಷ ಬೆಚ್ಚಗಾಗಲಿ, ಸೋರಿಕೆ ಇದೆಯೇ ನೋಡಿ, ರಸ್ತೆಗೆ ಇಳಿಯಿರಿ. ಬೆಳಗಿನ ತಂಪು ಹೊತ್ತು ಒಳ್ಳೆಯದು. ಹಿಂದೆ ಯಾರನ್ನೂ ಕೂಡಿಸಿಕೊಳ್ಳಬೇಡಿರಿ.

5. ಮಧ್ಯಮ ವೇಗದಲ್ಲಿ, ಅರ್ಧ ಆಕ್ಸಿಲರೇಟರ್ ಮೀರದಂತೆ ವೇಗ ಏರಿಸಿ, ಮತ್ತೆ ಪೂರ್ತಿ ಬಿಟ್ಟು ಗಾಡಿ ತಾನಾಗಿ ನಿಧಾನವಾಗಲು ಬಿಡಿರಿ. ಏರಿಸುವಾಗ ರಿಂಗಿಗೆ ಒತ್ತಡ ಸಿಗುತ್ತದೆ. ಬಿಟ್ಟಾಗ ಎಣ್ಣೆ ಮೇಲೇರಿ ಸವೆದ ಪುಡಿಯನ್ನು ತೊಳೆಯುತ್ತದೆ. ಟಾಪ್ ಗಿಯರಿನಲ್ಲಿ ಗುದ್ದಾಡಿಸುತ್ತ ಏರು ಹತ್ತಿಸಕೂಡದು.

6. ಮೊದಲ ಓಟ ಚಿಕ್ಕದಿರಲಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಹೆಡ್ಡಿನ ನಟ್ಟುಗಳ ಬಿಗಿಯನ್ನೂ ಟ್ಯಾಪೆಟ್ಟಿನ ಸಂದನ್ನೂ ಮತ್ತೊಮ್ಮೆ ನೋಡಿಸಿರಿ.

ಯಾವಾಗ ಬದಲಿಸಬೇಕು?

ಮೊದಲ ಎಣ್ಣೆಯನ್ನು 50ರಿಂದ 100 ಕಿಲೋಮೀಟರಿನೊಳಗೆ, ಬಿಸಿಯಿರುವಾಗಲೇ ಬಸಿಯಿರಿ, ಫಿಲ್ಟರನ್ನೂ ನೋಡಿರಿ. ಎರಡನೆಯದನ್ನು ಸುಮಾರು 500 ಕಿಲೋಮೀಟರಿಗೆ, ಮೂರನೆಯದನ್ನು 1500ರ ಸುಮಾರಿಗೆ ತೆಗೆಯಬಹುದು. ಬಸಿದ ಎಣ್ಣೆಯನ್ನು ಬಿಳಿ ತಟ್ಟೆಯಲ್ಲಿ ಹರಡಿ ಬಿಸಿಲಿಗೆ ಹಿಡಿದು ನೋಡಿರಿ. ಬೂದಿಯಂಥ ನುಣುಪು ಪುಡಿ ಸಹಜ. ಕಣ್ಣಿಗೆ ಕಾಣುವ ಚಕ್ಕೆಗಳಿದ್ದರೆ, ಅಥವಾ ಕಂಚಿನ ಹೊಂಬಣ್ಣ ಕಂಡರೆ, ಗಾಡಿಯನ್ನು ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕರಿಗೆ ತೋರಿಸಿರಿ. ಎಣ್ಣೆಯ ಖರ್ಚು ನಿಂತು, ಹೊಗೆಯೂ ಇಲ್ಲವಾದ ಮೇಲೆ, ಬೇಕೆಂದವರು ಸಿಂಥೆಟಿಕ್ಕಿಗೆ ಹೋಗಲು ಅಡ್ಡಿಯಿಲ್ಲ.

ಕೊಳ್ಳುವಾಗ ಮುದ್ರೆ ಒಡೆಯದ ಡಬ್ಬಿಯನ್ನೇ ಕೊಂಡು ಬಿಲ್ಲು ಪಡೆಯಿರಿ. ಖಾಲಿ ಡಬ್ಬಿಗೆ ಕಳಪೆ ಎಣ್ಣೆ ತುಂಬಿ ಮಾರುವವರು ಎಲ್ಲ ಊರಿನಲ್ಲಿಯೂ ಇದ್ದಾರೆ. ಹಳೆಯ ಎಣ್ಣೆಯನ್ನು ಗಟಾರಕ್ಕೆ ಸುರಿಯದೆ, ಅದನ್ನು ಕೊಳ್ಳುವವರಿಗೆ ಕೊಡಿರಿ. ಅದು ಚರ್ಮಕ್ಕೆ ಕೆಟ್ಟದ್ದು. ಕೈಯನ್ನು ಸಾಬೂನಿನಿಂದ ತೊಳೆಯಲು ಮರೆಯದಿರಿ.

ಅಭ್ಯಾಸಕ್ಕೆ ಪ್ರಶ್ನೆಗಳು

1. ಹೊಸ ಸಿಲಿಂಡರಿನ ಒಳಗೆ ಗೀರುಗಳು ಏಕೆ ಬೇಕು?
2. ಎಂಜಿನನ್ನು ತೀರ ಮೆತ್ತಗೆ ಓಡಿಸುವುದರಿಂದ ಆಗುವ ಹಾನಿ ಯಾವುದು?
3. ರಿಂಗು ಸವೆಯಬೇಕು, ಕ್ಯಾಮು ಸವೆಯಬಾರದು. ಒಂದೇ ಎಣ್ಣೆ ಈ ಎರಡನ್ನೂ ಹೇಗೆ ಸಾಧಿಸುತ್ತದೆ?
4. ನಿಮ್ಮ ಮನೆಯಲ್ಲಿರುವ ಎಣ್ಣೆಯ ಡಬ್ಬಿಯ ಮೇಲಿನ ಗುರುತುಗಳನ್ನು ಬರೆದುಕೊಂಡು ಬನ್ನಿರಿ. ಭಾನುವಾರ ವಾಚನಾಲಯದಲ್ಲಿ ಕೂಡಿ ಅವುಗಳ ಅರ್ಥ ನೋಡೋಣ.